ಅವಳಿ ಕಡಸು ಗೊಡ್ಡಾಗುತ್ತದೆಯೇ?

ಅರಸೀಕೆರೆ ಕಡೆಯ ಓದುಗರೊಬ್ಬರ ಪತ್ರ: ‘ನಮ್ಮ ಎಚ್‌ಎಫ್ ಮಿಶ್ರತಳಿ ಹಸು ಎರಡು ಹೆಣ್ಣುಗರು ಹಾಕಿದೆ. ಹಣೆಯ ಬಿಳಿ ಚುಕ್ಕೆ ಒಂದಕ್ಕಿದೆ, ಇನ್ನೊಂದಕ್ಕಿಲ್ಲ. ಉಳಿದಂತೆ ಒಂದೇ ಅಚ್ಚು. ಅವಳಿ ಕಡಸು ಗೊಡ್ಡಾಗುತ್ತದೆ, ಈಗಲೇ ಮಾರು ಎನ್ನುತ್ತಾರೆ. ಇವು ತದ್ರೂಪಿಗಳೇ? ಮುಂದಿನ ಸೂಲಿನಲ್ಲೂ ಅವಳಿ ಹುಟ್ಟುತ್ತವೆಯೇ?’

ದಯವಿಟ್ಟು ಮಾರಬೇಡಿ. ಊರವರ ಮಾತು ನಿಜ, ಆದರೆ ಜೊತೆಗೆ ಗಂಡುಗರು ಹುಟ್ಟಿದ್ದರೆ ಮಾತ್ರ. ಹಸುವಿನ ಗರ್ಭದಲ್ಲಿ ಅವಳಿಗಳ ಮಾಸುಗಳು ಕೂಡಿಕೊಂಡು ರಕ್ತನಾಳಗಳು ಬೆಸೆದುಕೊಳ್ಳುತ್ತವೆ. ಗಂಡಿನ ಹಾರ್ಮೋನು ಹೆಣ್ಣಿಗೂ ಹರಿದು ಅಂಡಾಶಯ, ಗರ್ಭಕೋಶ ಬೆಳೆಯದಂತೆ ತಡೆಯುತ್ತದೆ. ಹಾಗೆ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಗೊಡ್ಡು. ನಿಮ್ಮವು ಎರಡೂ ಹೆಣ್ಣು. ಆ ಭಯ ಬೇಡ.

ತದ್ರೂಪಿಗಳೇ ಎಂಬುದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಹಸುಗಳ ಅವಳಿಗಳಲ್ಲಿ ಬಹುಪಾಲು ಎರಡು ಬೇರೆ ಅಂಡಗಳಿಂದ ಆದವು. ಫಲಿತ ಅಂಡವೊಂದೇ ಸೀಳಿ ಎರಡಾಗುವುದು ತೀರಾ ಅಪರೂಪ. ಹಾಗೆಂದು ಹಣೆಯ ಚುಕ್ಕೆ ನೋಡಿ ‘ಬೇರೆ ಬೇರೆ’ ಎಂದು ತೀರ್ಮಾನಿಸಬೇಡಿ. ಭ್ರೂಣ ಬೆಳೆಯುವಾಗ ಬಣ್ಣದ ಕೋಶಗಳು ಬೆನ್ನಿನ ಕಡೆಯಿಂದ ಚರ್ಮದುದ್ದಕ್ಕೂ ಸರಿದು ಬರುತ್ತವೆ. ಅವು ತಲುಪದ ಕಡೆ ಬಿಳಿ ಉಳಿಯುತ್ತದೆ. ಒಂದೇ ಹಸುವಿನ ತದ್ರೂಪು ಸೃಷ್ಟಿಸಿದಾಗಲೂ ಮಚ್ಚೆಗಳು ಹೊಂದಿಕೆಯಾಗುವುದಿಲ್ಲ.

ರಕ್ತ ಪರೀಕ್ಷೆಯೂ ದಾರಿ ತಪ್ಪಿಸಬಲ್ಲದು. ಇದರ ಹಿಂದೆ ಸೊಗಸಾದ ಕಥೆಯಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೇ ಓವನ್ ಎಂಬ ವಿಜ್ಞಾನಿಯ ಮುಂದೆ ವಿಚಿತ್ರ ಜೋಡಿಯೊಂದು ಬಂತು. ತಾಯಿ ಗರ್ನ್ಸಿ ತಳಿಯ ಹಸು. ಒಂದು ಕರುವಿನ ತಂದೆ ಗರ್ನ್ಸಿ ಹೋರಿ, ಇನ್ನೊಂದರದ್ದು ಹೆರೆಫರ್ಡ್ ತಳಿಯ ಹೋರಿ. ತಂದೆಯರೇ ಬೇರೆಯಾದರೂ ಎರಡರ ಮೈಯಲ್ಲೂ ಎರಡೂ ಬಗೆಯ ರಕ್ತಕಣಗಳಿದ್ದವು! ರಕ್ತ ತಯಾರಿಸುವ ಕೋಶಗಳು ಗರ್ಭದಲ್ಲೇ ಅದಲುಬದಲಾಗಿ ಜೀವನಪರ್ಯಂತ ನೆಲೆಸಿಬಿಟ್ಟಿದ್ದವು. ಹಾಗಾಗಿ ಬೇರೆ ಬೇರೆ ಅಂಡದ ಅವಳಿಗಳೂ ರಕ್ತದಲ್ಲಿ ಒಂದೇ ಎನ್ನಿಸಬಹುದು. ಓವನ್ ಇದನ್ನು 1945ರಲ್ಲಿ ಪ್ರಕಟಿಸಿದರು. ದೇಹ ಪರಕೀಯ ಕೋಶಗಳನ್ನು ಹೇಗೆ ಸಹಿಸುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಾದ ಬರ್ನೆಟ್ ಮತ್ತು ಮೆಡವಾರ್ ಮಾಡಿದ ಕೆಲಸಕ್ಕೆ ಇದು ಬುನಾದಿಯಾಯಿತು. ಅವರಿಬ್ಬರಿಗೆ 1960ರ ನೊಬೆಲ್ ಬಂತು. ಓವನ್‌ಗೂ ಅದರಲ್ಲಿ ಪಾಲು ಸಿಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ನಿಮಗೆ ಖಚಿತ ಉತ್ತರವೇ ಬೇಕೆಂದರೆ ಬಾಲದ ಕೂದಲನ್ನು ಬೇರು ಸಮೇತ ಕಿತ್ತು ಡಿಎನ್‌ಎ ಪರೀಕ್ಷೆಗೆ ಕಳಿಸಬೇಕು. ಆದರೆ ಸಾಕುವುದಕ್ಕೆ ಆ ಖರ್ಚು ಬೇಕಿಲ್ಲ.

ಇನ್ನು ಮುಂದಿನ ಸೂಲು. ಅಂಡ ಸೀಳುವುದು ಆಕಸ್ಮಿಕ, ಅದನ್ನು ವಂಶದ ಗುಣವೆಂದು ನಂಬಿ ಹಸು ಕೊಳ್ಳುವಂತಿಲ್ಲ. ಒಂದೇ ಬೆದೆಯಲ್ಲಿ ಎರಡು ಮೂರು ಅಂಡ ಬಿಡುವ ಗುಣ ಮಾತ್ರ ವಂಶದಲ್ಲಿ ಇಳಿದು ಬರುತ್ತದೆ. ನ್ಯೂಜಿಲೆಂಡ್‌ನ ಟ್ರೆಬಲ್ ಎಂಬ ಹಸು ಮೂರು ಸಲ ತ್ರಿವಳಿ ಹಾಕಿತ್ತು. ಅದರ ಮಗ ಟ್ರಿಯೊ ಎಂಬ ಹೋರಿಯ ವಂಶದಲ್ಲಿ ಈ ಗುಣದ ಜೀನು 10ನೇ ವರ್ಣತಂತುವಿನಲ್ಲಿ ಪತ್ತೆಯಾಗಿದೆ. ಹೆಚ್ಚು ಹಾಲು ಕೊಡುವ ಹಸುಗಳಲ್ಲೂ ಎರಡು ಅಂಡ ಬಿಡುವುದು ಹೆಚ್ಚು. ಹಾಗಾಗಿ ನಿಮ್ಮ ಹಸು ಮತ್ತೆ ಅವಳಿ ಹಾಕಲೂಬಹುದು. ಅದನ್ನು ಲಾಭವೆಂದು ಎಣಿಸಬೇಡಿ: ಅವಳಿ ಬಸುರಿನಲ್ಲಿ ಮಾಸು ಬೀಳದಿರುವುದು, ಹೆರಿಗೆಯ ತೊಡಕು ಜಾಸ್ತಿ. ಮುಂದೆ ಗಬ್ಬ ನಿಂತ ಎರಡು ತಿಂಗಳ ಸುಮಾರಿಗೆ ಪಶುವೈದ್ಯರಿಂದ ಸ್ಕ್ಯಾನ್ ಮಾಡಿಸಿ. ಎರಡು ಕರು ಕಂಡರೆ ದಿನ ತುಂಬುವ ಮೊದಲೇ ಈಯುವ ಸಂಭವವಿದೆ. ಹಾಲು ಬತ್ತಿಸುವುದನ್ನು ಒಂದೆರಡು ವಾರ ಮುಂಚೆಯೇ ಶುರು ಮಾಡಿ.

– ಸಂ.