ಕಣ್ವತೀರ್ಥದಿಂದ ತಂದ ಬಟನ್‌ನಂಥ ಹುಳುಗಳು ಬಾಟಲಿಯಲ್ಲಿ ಯಾಕೆ ಸತ್ತವು?

ಮಂಜೇಶ್ವರದ ಕಣ್ವತೀರ್ಥದಲ್ಲಿ ಮಕ್ಕಳು ಹೆಕ್ಕಿದ ಮೂವತ್ತು ನಲ್ವತ್ತು ಹುಳುಗಳನ್ನು ಕಡಲ ನೀರಿನ ಬಾಟಲಿಯಲ್ಲಿಟ್ಟಿರಿ, ಬೆಳಗಾಗುವಾಗ ನಾತ ಬಂತು, ಇವನ್ನು ಸಾಕುವುದು ಹೇಗೆ ಎಂದು ಕೇಳಿದ್ದೀರಿ. ನನ್ನ ಮಾತು ಕೇಳಿ, ಸಾಕಲು ಹೋಗಬೇಡಿ. ಕಡಲ ಕರೆಯಲ್ಲೇ ನೋಡಿ ಬಿಟ್ಟುಬನ್ನಿ.

ಚಪ್ಪಟೆ ಚಿಪ್ಪು, ಎಣ್ಣೆ ಸವರಿದಂಥ ಹೊಳಪು, ಒಂದರ ಗೆರೆ ಇನ್ನೊಂದಕ್ಕಿಲ್ಲ ಎಂದು ಬರೆದಿದ್ದೀರಲ್ಲ, ಅದು ಅಂಬೋನಿಯಂ ವೆಸ್ಟಿಯೇರಿಯಂ ಎಂಬ ಕಡಲ ಬಸವನಹುಳು. ಸ್ವೀಡನ್ನಿನ ಜೀವಶಾಸ್ತ್ರಜ್ಞ ಲಿನೇಯಸ್ 1758ರಲ್ಲೇ ಹೆಸರಿಸಿದ ಜೀವಿ. ಒಂದೂವರೆ ಸೆಂಟಿಮೀಟರ್ ದಾಟುವುದು ಅಪರೂಪ. ಇದರ ಬಳಗದ ಹೆಚ್ಚಿನ ಬಸವನಹುಳುಗಳು ಬಂಡೆಯ ಪಾಚಿ ಕೆರೆದು ತಿನ್ನುತ್ತವೆ. ಇದು ಹಾಗಲ್ಲ. ಹೊಯಿಗೆಯ ಮೇಲ್ಪದರದಲ್ಲೇ ಹೂತು ಕೂತು, ಎರಡು ಸಣ್ಣ ಕೊಳವೆ ಹೊರಗೆ ಚಾಚುತ್ತದೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಜೀವಿಗಳನ್ನು ಕಿವಿರು ಸೋಸಿ ಹಿಡಿಯುತ್ತದೆ. ಬಾಟಲಿಯ ನಿಂತ ನೀರಿನಲ್ಲಿ ಆ ಊಟ ಬೇಗ ಮುಗಿಯುತ್ತದೆ, ಅದಕ್ಕೂ ಮೊದಲು ಉಸಿರಾಡಲು ಬೇಕಾದ ಆಮ್ಲಜನಕ ಮುಗಿಯುತ್ತದೆ. ಒಂದು ಸತ್ತು ಕೊಳೆತರೆ ಸಾಕು, ಅದರ ವಿಷಕ್ಕೆ ಉಳಿದವೂ ಸಾಯುತ್ತವೆ. ಅಕ್ವೇರಿಯಂ ಪಂಪು ಗಾಳಿ ಕೊಟ್ಟೀತು, ಊಟ ಕೊಡುವುದಿಲ್ಲ. ನಲ್ಲಿ ನೀರಿಗೆ ಅಡುಗೆ ಉಪ್ಪು ಕಲಸಿದರೆ ಕಡಲ ನೀರಾಗುವುದಿಲ್ಲ; ಅದರಲ್ಲಿ ಬೇರೆ ಲವಣಗಳೂ ಇರಬೇಕು.

ನೋಡಲು ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಚೀಚೆ ಹೋಗಿ, ಆಗ ನೀರು ತುಂಬ ಕೆಳಗಿಳಿಯುತ್ತದೆ. ಪೂರ್ತಿ ಇಳಿಯುವ ಒಂದು ಗಂಟೆ ಮೊದಲೇ ತಲುಪಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆಯ ಲೆಕ್ಕದಲ್ಲಿ ಹೊರಡಬೇಡಿ. ಮಳೆಗಾಲದಲ್ಲಿ ಬೇಡವೇ ಬೇಡ, ಅಲೆ ಜೋರು, ಕರೆ ಕೊರೆದು ಹೋಗಿರುತ್ತದೆ. ಅಗಲದ ಸ್ಟೀಲ್ ತಟ್ಟೆಗೆ ಅಲ್ಲಿಯದೇ ಹೊಯಿಗೆ ಮೂರು ಸೆಂಟಿಮೀಟರ್, ಮೇಲೆ ಅಷ್ಟೇ ಕಡಲ ನೀರು ಹಾಕಿ, ಐದಾರು ಹುಳು ಬಿಟ್ಟು ನೆರಳಲ್ಲಿಡಿ. ಅಲುಗಾಡಿಸದಿದ್ದರೆ ಸ್ವಲ್ಪ ಹೊತ್ತಿಗೆ ಪಾದ ಹೊರಬಂದು ಹೊಯಿಗೆ ಬಗೆಯುತ್ತದೆ. ಇಪ್ಪತ್ತು ನಿಮಿಷದ ಮೇಲೆ ಇಡಬೇಡಿ, ನೀರು ಬಿಸಿಯಾಗುತ್ತದೆ. ಹೆಕ್ಕಿದ ಜಾಗದಲ್ಲೇ ಬಿಡಿ. ಒಣ ಹೊಯಿಗೆಯ ಮೇಲೆ ಎಸೆದರೆ ಬಿಸಿಲಿಗೆ ಸಾಯುತ್ತವೆ.

ಮಾಲೆಗೆ ಚಿಪ್ಪು ಬೇಕಿದ್ದರೆ ಖಾಲಿಯವನ್ನೇ ಆರಿಸಿ. ಬಾಯಿಗೆ ಕಂದು ಬಣ್ಣದ ತೆಳ್ಳಗಿನ ದುಂಡು ಮುಚ್ಚಳ ಬಿಗಿದಿದ್ದರೆ ಒಳಗೆ ಜೀವವಿದೆ. ಮುಚ್ಚಳವಿಲ್ಲದೆ ಸಣ್ಣ ಕಾಲು ಕಂಡರೆ ಅದು ಸನ್ಯಾಸಿ ಏಡಿ, ಅದನ್ನೂ ಬಿಡಿ. ಖಾಲಿ ಚಿಪ್ಪನ್ನು ಸಿಹಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ನೆರಳಲ್ಲಿ ಒಣಗಿಸಿದರೆ ಮುಗಿಯಿತು. ಲಿಂಬೆರಸ, ವಿನೆಗರ್ ಮುಟ್ಟಿಸಬೇಡಿ. ಚಿಪ್ಪೆಂದರೆ ಸುಣ್ಣ, ಹುಳಿ ತಾಗಿದರೆ ಗುಳ್ಳೆ ಎದ್ದು ಹೊಳಪು ಹೋಗುತ್ತದೆ, ಮತ್ತೆ ಬರುವುದಿಲ್ಲ.

ಕೆಲವು ಖಾಲಿ ಚಿಪ್ಪುಗಳಲ್ಲಿ ತೂತು ಇರುತ್ತದೆ. ಒಂದನ್ನು ಕಣ್ಣ ಹತ್ತಿರ ಹಿಡಿದು ನೋಡಿ: ಹೊರಗೆ ಅಗಲ, ಒಳಗೆ ಕಿರಿದು, ಅಂಚು ತಿರುಪಿನ ಕುಳಿಯಂತೆ ನಯ. ಚಂದ್ರ ಬಸವ ಎನ್ನಬಹುದಾದ ನ್ಯಾಟಿಕಾ ಬಳಗದ ಬೇಟೆಗಾರ ಹುಳು ಬಟನ್ ಹುಳುವನ್ನು ಪಾದದಲ್ಲಿ ಅಮುಕಿ ಹಿಡಿದು, ಆಮ್ಲ ಸ್ರವಿಸಿ ಮೆದುಮಾಡಿ, ಹಲ್ಲಿನ ಪಟ್ಟಿಯಿಂದ ಕೆರೆದು ಕೆರೆದು ಕೊರೆದದ್ದು. ಅದರ ಸ್ಪರ್ಶವಾದೊಡನೆ ನಮ್ಮ ಬಟನ್ ಹುಳು ಉದ್ದದ ಪಾದ ಬೀಸಿ ಪಲ್ಟಿ ಹೊಡೆದು ತಪ್ಪಿಸಿಕೊಳ್ಳಲು ನೋಡುತ್ತದೆ. ಇಷ್ಟು ಸಣ್ಣ ಜೀವ ಹಾಗೆ ಜಿಗಿಯುವುದನ್ನು ಮಕ್ಕಳಿಗೆ ತೋರಿಸಲೇಬೇಕು.

ಅದೇ ಜಾಗದಲ್ಲಿ ಒಡೆದ ರಬ್ಬರ್ ಬಟ್ಟಲಿನಂಥ, ಹೊಯಿಗೆ ಅಂಟಿಸಿ ಮಾಡಿದ ಬಳೆ ಸಿಕ್ಕರೆ ಕಸವೆಂದು ಎತ್ತಬೇಡಿ. ಅದು ಚಂದ್ರ ಬಸವನ ಮೊಟ್ಟೆ.