ಆಸ್ಪತ್ರೆಯ ಪ್ರೆಸ್ ನೋಟ್ ಯಾಕೆ ಅಚ್ಚಾಗುತ್ತಿಲ್ಲ?

ನಾಲ್ಕು ಸಲ ಕಳಿಸಿದರೂ ದಾವಣಗೆರೆಯ ಯಾವ ಪತ್ರಿಕೆಯಲ್ಲೂ ಬರಲಿಲ್ಲ ಅಂದಿರಲ್ಲ, ಬಹುಶಃ ಅದು ಸುದ್ದಿ ಥರ ಅಲ್ಲ, ಜಾಹೀರಾತಿನ ಥರ ಕಾಣುತ್ತಿದೆ. ಪೂರ್ತಿ ನೋಟ್ ನಾನು ನೋಡಿಲ್ಲ. ಆದರೆ ನೀವು ಹಾಕಿರುವ ಮೊದಲ ಸಾಲಲ್ಲೇ ‘ಅತ್ಯಾಧುನಿಕ’, ‘ಖ್ಯಾತ ತಜ್ಞ’, ‘ಮಧ್ಯ ಕರ್ನಾಟಕದಲ್ಲೇ ಮೊದಲು’ ಮೂರೂ ಇವೆ. ನಾವೂ ಒಮ್ಮೆ ಹೀಗೇ ಕಳಿಸಿದ್ದೆವು, ಸಂಜೆ ವಾಟ್ಸಾಪಿಗೆ ಜಾಹೀರಾತಿನ ದರಪಟ್ಟಿ ಬಂತು!

ಮೊದಲು ಆಸ್ಪತ್ರೆ ಹೆಸರನ್ನು ಕಡೇ ಪ್ಯಾರಾಕ್ಕೆ ತಳ್ಳಿ, ಮೇಲೆ ಊರಿನ ವಿಷಯ ಬರಲಿ. ನಿಮ್ಮವರು ಮೂಳೆ ಡಾಕ್ಟರ್ ಅಲ್ವಾ, ಜಗಳೂರು ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಬರೆಸಿ. ಲೀಟರಿಗೆ 1.5 ಮಿಲಿಗ್ರಾಂ ಮಿತಿ, ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಲೆಗಟ್ಟುವುದು, ತೀರಾ ಜಾಸ್ತಿಯಾದರೆ ವರ್ಷಗಳ ಮೇಲೆ ಕೀಲು ಬಿಗಿಯುವುದು, ನೀರು ಕಾಯಿಸಿದರೆ ಫ್ಲೋರೈಡ್ ಹೋಗದೇ ಇರುವುದು. ಈ ಕೊನೆಯದೇ ತಲೆಬರಹ.

ಆಮೇಲೆ ಅದನ್ನು ಡಾಕ್ಟರ ಹೆಸರಲ್ಲೇ ಕಳಿಸಿ. ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಸಾರ್ವಜನಿಕ ಆರೋಗ್ಯದ ಬಗ್ಗೆ ವೈದ್ಯರು ತಮ್ಮ ಹೆಸರಲ್ಲಿ ಬರೆಯಬಹುದು, ರೋಗಿಗಳನ್ನು ಸೆಳೆಯುವ ಪ್ರಚಾರ ಮಾತ್ರ ಕೂಡದು. ಹಾಗಾಗಿ ನೋಟ್‌ನಲ್ಲಿ ‘ಗ್ಯಾರಂಟಿ ಗುಣ’ ಅನ್ನುವಂಥ ಸಾಲು ಇದ್ದರೆ ಇವತ್ತೇ ತೆಗೆಯಿರಿ.

ಒಂದೇ ಪುಟ, ಯೂನಿಕೋಡ್‌ನಲ್ಲಿ (ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ), ಪಿಡಿಎಫ್ ಬೇಡ. ಮಧ್ಯಾಹ್ನದೊಳಗೆ ಮೊದಲು ಜನತಾವಾಣಿಯಂಥ ಊರಿನ ಪತ್ರಿಕೆಗೆ ಕಳಿಸಿ. ಕೆಳಗೆ ಡಾಕ್ಟರ ನಂಬರ್ ಇರಲಿ, ವರದಿಗಾರರು ಫೋನ್ ಮಾಡಿದಾಗ ಅವರೇ ಎತ್ತಬೇಕು, ಓಪಿಡಿಯಲ್ಲಿದ್ದೀನಿ ಅಂದರೆ ಕಥೆ ಮುಗೀತು.