ಗ್ಯಾರೇಜ್ ಕಟ್ಟೆ: ಹಳೇ 407ಕ್ಕೆ ಒಂದೇ ಬೆಲ್ಟ್ ಸಾಕಾ?

ಪ್ರಶ್ನೆ: ಸಾರ್, ನನ್ನದು 1998ರ ಟಾಟಾ 407. ಮಲ್ಪೆಯಿಂದ ಶಿವಮೊಗ್ಗಕ್ಕೆ ಮೀನು ಹೊಡೆಯುತ್ತೇನೆ. ಹಿಂದೆ ತಂಪು ಪೆಟ್ಟಿಗೆ ಕಟ್ಟಿಸಿ, ಅದರ ಕಂಪ್ರೆಸರನ್ನು ಇಂಜಿನ್‌ಗೇ ಜೋಡಿಸಿದ್ದೇನೆ. ಅದಕ್ಕೊಂದು ವಿ-ಬೆಲ್ಟ್, ಫ್ಯಾನ್ ಮತ್ತು ಡೈನಮೋಗೆ ಇನ್ನೊಂದು. ದೊಡ್ಡ ಡೈನಮೋ ಹಾಕಿಸಿದ ಮೇಲೆ ಈ ಎರಡನೇ ಬೆಲ್ಟ್ ಮಳೆ ಬಂದರೆ ಕಿರುಚುತ್ತದೆ, ಬೇಗ ಸವೆಯುತ್ತದೆ. ಹೊಸ ಗಾಡಿಗಳ ಹಾಗೆ ಎಲ್ಲಕ್ಕೂ ಸೇರಿಸಿ ಒಂದೇ ಸರ್ಪೆಂಟೈನ್ ಬೆಲ್ಟ್ ಹಾಕಿಸಿ ಅಂತಾನೆ ಅಳಿಯ. ಹಾಕಿಸಬಹುದಾ?
– ಓದುಗರು, ಕುಂದಾಪುರ

ಉತ್ತರ: ಹಾಕಿಸಬಹುದು. ಆದರೆ ಗಾಡಿ ನನ್ನದಾಗಿದ್ದರೆ ನಾನು ಹಾಕಿಸುತ್ತಿರಲಿಲ್ಲ. ಕನಿಷ್ಠ ನಿಮ್ಮ ಅಳಿಯ ಹೇಳಿದ ಹಾಗಂತೂ ಇಲ್ಲ.

ಮೊದಲು ಬೆಲ್ಟ್ ಬಿಚ್ಚಿ, ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡಿಗೆ ಟಾರ್ಚ್ ಬಿಡಿ. ವಿ-ಬೆಲ್ಟ್ ಹಿಡಿಯುವುದು ತೋಡಿನ ಎರಡು ಪಕ್ಕದ ಗೋಡೆಗಳಿಂದ. ತಳ ಮುಟ್ಟಲೇಬಾರದು. ಗೋಡೆ ಮಾತ್ರ ಮಿನುಗುತ್ತಿದ್ದರೆ ಸರಿ. ತಳವೂ ಬೆಳಗಿದ ಚೊಂಬಿನ ಹಾಗೆ ಹೊಳೆಯುತ್ತಿದ್ದರೆ ಬೆಲ್ಟ್ ಕೆಳಗೆ ಕೂತಿದೆ ಅಂತ ಅರ್ಥ. ಆಮೇಲೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಬಿಗಿ ಜಾಸ್ತಿಯಾಗಿ, ಫ್ಯಾನಿನ ಪುಲ್ಲಿಯಿಂದಲೇ ತಿರುಗುವ ವಾಟರ್ ಪಂಪಿನ ಬೇರಿಂಗ್ ಹೋಗುತ್ತದೆ ಅಷ್ಟೇ. ಬೆಲ್ಟಿಗೆ ಸೋಪು ತಿಕ್ಕುವವರೂ ಇದ್ದಾರೆ. ಶಬ್ದ ಸ್ವಲ್ಪ ಹೊತ್ತು ನಿಲ್ಲುತ್ತದೆ, ಜಾರುವುದು ನಿಲ್ಲುವುದಿಲ್ಲ.

ನನ್ನ ಅನುಮಾನ ಹೊಸ ಡೈನಮೋ ಜೊತೆ ಬಂದ ಪುಲ್ಲಿಯ ಮೇಲೆ. 10 ಮಿ.ಮೀ. ಬೆಲ್ಟಿನ ಪುಲ್ಲಿ ಬೇರೆ, 13ರದ್ದು ಬೇರೆ. ಅಗಲದ ತೋಡಿಗೆ ಸಣ್ಣ ಬೆಲ್ಟ್ ಬಿದ್ದರೆ ತಳ ಸೇರುತ್ತದೆ. ಇನ್ನೊಂದು, ಪುಲ್ಲಿಗಳು ಒಂದೇ ಗೆರೆಯಲ್ಲಿ ಇವೆಯಾ? ನೆಟ್ಟಗಿರುವ ಕಬ್ಬಿಣದ ಪಟ್ಟಿ ಇಟ್ಟು ನೋಡಿ. ಒಂದು ಅಡಿ ಉದ್ದಕ್ಕೆ ಒಂದೂವರೆ ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬೇಡ. ಬ್ರಾಕೆಟ್ ಹಿಂದೆ ಸರಿಯಾದ ವಾಷರ್ ಕೊಟ್ಟರೆ ಎಷ್ಟೋ ಗಾಡಿಗಳ ಕಿರುಚಾಟ ಅಲ್ಲೇ ಮುಗಿಯುತ್ತದೆ.

ಇದೆಲ್ಲ ಸರಿಯಿದ್ದೂ ಜಾರಿದರೆ ನಿಮ್ಮ ದೂರು ನಿಜ. 65 ಆಂಪಿಯರ್ ಡೈನಮೋ ಪೂರ್ತಿ ಕೆಲಸ ಮಾಡುವಾಗ ಬೆಲ್ಟಿನಿಂದ ಸುಮಾರು 2 ಎಚ್‌ಪಿ ಎಳೆಯುತ್ತದೆ. ಒಂದೇ ಸಣ್ಣ ಬೆಲ್ಟಿಗೆ ಫ್ಯಾನಿನ ಜೊತೆ ಅದೂ ಸೇರಿದರೆ ಭಾರವೇ.

ಈಗ ಸರ್ಪೆಂಟೈನ್ ವಿಷಯ. ಅದು ತೆಳ್ಳಗಿನ ಅಗಲ ಪಟ್ಟಿ, ಒಳಗೆ ಉದ್ದಕ್ಕೆ ಗೆರೆ ಗೆರೆ. ಬೆಲ್ಟಿನ ಮೇಲೆ 6ಪಿಕೆ ಅಂತ ಬರೆದಿದ್ದರೆ ಆರು ಗೆರೆ. ಗೆರೆಯಿಂದ ಗೆರೆಗೆ 3.56 ಮಿ.ಮೀ. ತೆಳ್ಳಗಿರುವುದರಿಂದ ಎರಡೂ ಕಡೆ ಬಾಗುತ್ತದೆ, ಬೆನ್ನಿನಿಂದಲೂ ಪುಲ್ಲಿ ತಿರುಗಿಸುತ್ತದೆ. ಹಾವಿನ ಹಾಗೆ ಸುತ್ತಿ ಬಳಸಿ ಹೋಗಲು ಆಗುವುದು ಅದಕ್ಕೇ. 1979ರ ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ ಇದು ಬಂತು.

ತೊಂದರೆಯೂ ಇಲ್ಲೇ. ಬೆನ್ನು ತಾಗಿದ ಪುಲ್ಲಿ ಉಲ್ಟಾ ತಿರುಗುತ್ತದೆ. ವಾಟರ್ ಪಂಪ್ ಉಲ್ಟಾ ತಿರುಗಿದರೆ ನೀರು ಸರಿಯಾಗಿ ಓಡುವುದಿಲ್ಲ. ಅದಕ್ಕಿಂತ ಮುಖ್ಯ, ನಿಮ್ಮ ಡೈನಮೋದ ಹಿಂಭಾಗ ನೋಡಿ. ಹೆಚ್ಚಿನ 407ಗಳಲ್ಲಿ ಬ್ರೇಕ್ ಪೆಡಲನ್ನು ಹಗುರ ಮಾಡುವ ವ್ಯಾಕ್ಯೂಮ್ ಪಂಪ್ ಅಲ್ಲೇ, ಅದೇ ಶಾಫ್ಟಿನ ಮೇಲೆ ಕೂತಿರುತ್ತದೆ. ಡೈನಮೋ ಯಾವ ಕಡೆ ತಿರುಗಿದರೂ ಕರೆಂಟ್ ಕೊಟ್ಟೀತು. ವ್ಯಾಕ್ಯೂಮ್ ಪಂಪ್ ಹಾಗಲ್ಲ. ನಮ್ಮ ಗ್ಯಾರೇಜಿಗೆ ಒಂದು ಗಾಡಿ ಬಂದಿತ್ತು. ಎಲ್ಲೋ ಬೆಲ್ಟ್ ಬದಲಾಯಿಸಿಕೊಂಡು ಬಂದಿದ್ದರು. ಚಾರ್ಜಿಂಗ್ ಲೈಟ್ ಆರಿದೆ, ಎಲ್ಲ ಚೆನ್ನಾಗಿದೆ, ಬ್ರೇಕ್ ಪೆಡಲ್ ಮಾತ್ರ ಕಲ್ಲು. ಡ್ರೈವರ್ ಬೂಸ್ಟರ್ (ಆ ವ್ಯಾಕ್ಯೂಮಿನಿಂದ ಪೆಡಲಿಗೆ ಬಲ ಕೊಡುವ ಡಬ್ಬಿ) ಬದಲಿಸಿ, ಹೋಸ್ ಬದಲಿಸಿ ಸುಸ್ತಾಗಿದ್ದ. ಬೆಲ್ಟ್ ಹೋಗುವ ದಾರಿಯನ್ನು ಯಾರೂ ನೋಡಿರಲಿಲ್ಲ.

ನೀವು ಹುಲಿಕಲ್ ಘಾಟಿ ಹತ್ತಿ ಇಳಿಯುವವರು. ಇಳಿಜಾರಿನಲ್ಲಿ ಬೆಲ್ಟ್ ಕಡಿದರೆ ಬೂಸ್ಟರ್‌ನಲ್ಲಿ ಉಳಿದಿರುವ ವ್ಯಾಕ್ಯೂಮ್ ಎರಡು ಮೂರು ಸಲ ಪೆಡಲ್ ಒತ್ತುವುದಕ್ಕೆ ಸಾಕಾದೀತು. ಆಮೇಲೆ ನಿಮ್ಮ ಕಾಲಿನ ಬಲವೇ ಗತಿ. ಹಾಗಾಗಿ ಕಂಪ್ರೆಸರ್ ಮತ್ತು ಬ್ರೇಕ್ ಒಂದೇ ಬೆಲ್ಟಿನ ಮೇಲೆ ನಿಲ್ಲುವುದು ನನಗೆ ಸುತಾರಾಂ ಇಷ್ಟವಿಲ್ಲ. ಕಂಪ್ರೆಸರ್ ಬೇರಿಂಗ್ ಜಾಮ್ ಆದರೆ ಬೆಲ್ಟ್ ಸುಟ್ಟು ಹೋಗಿ ಫ್ಯಾನ್, ನೀರು, ಕರೆಂಟು, ಬ್ರೇಕು ಎಲ್ಲ ಒಟ್ಟಿಗೇ ಹೋಗುತ್ತವೆ. ಈಗ ಹಾಗಾದರೆ ಮೀನಿಗೆ ಐಸ್ ಹಾಕಿಕೊಂಡು ಊರು ಸೇರಬಹುದು, ಅಲ್ವಾ?

ಕಂಪ್ರೆಸರಿಗೆ ಅದರ ವಿ-ಬೆಲ್ಟೇ ಇರಲಿ. ಮಾಡಿಸಲೇಬೇಕು ಅಂದರೆ ಫ್ಯಾನ್-ಡೈನಮೋ ಬೆಲ್ಟನ್ನು ಮಾತ್ರ 6ಪಿಕೆಗೆ ಬದಲಿಸಿ, ದಾರಿ ಈಗಿನದ್ದೇ ಇರಲಿ. ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ಶಾಫ್ಟ್), ಫ್ಯಾನ್, ಡೈನಮೋ ಅಂತ ಮೂರೇ ಪುಲ್ಲಿ, ಮೂರೂ ಬೆಲ್ಟಿನ ಒಳಗಡೆ. ಯಾವುದೂ ಉಲ್ಟಾ ತಿರುಗುವುದಿಲ್ಲ. ಮೂರಕ್ಕೂ ಗೆರೆಯ ಪುಲ್ಲಿ ಬೇಕು. ಕ್ರ್ಯಾಂಕ್ ಪುಲ್ಲಿಯನ್ನು ಲೇತ್‌ಗೆ ಕೊಡುವ ಮುಂಚೆ ಅದರಲ್ಲಿ ರಬ್ಬರ್ ಡ್ಯಾಂಪರ್ (ನಡುಕ ತಗ್ಗಿಸುವ ರಬ್ಬರ್ ಪದರ) ಇದೆಯಾ ನೋಡಿ. ಇದ್ದರೆ ಕೈ ಹಾಕಿಸಬೇಡಿ. ಅಳತೆಯನ್ನೂ ಸುಮ್ನೆ ಬದಲಿಸಬೇಡಿ. ಕ್ರ್ಯಾಂಕ್ ಪುಲ್ಲಿ 150, ಡೈನಮೋ ಪುಲ್ಲಿ 75 ಮಿ.ಮೀ. ಇದ್ದರೆ ಡೈನಮೋ ಎರಡು ಪಟ್ಟು ತಿರುಗುತ್ತದೆ. ಆ ಲೆಕ್ಕ, ಫ್ಯಾನಿನ ಲೆಕ್ಕ ಎರಡೂ ಮೊದಲಿನ ಹಾಗೇ ಉಳಿಯಬೇಕು. ಫ್ಯಾನ್ ನಿಧಾನವಾದರೆ ಘಾಟಿಯಲ್ಲಿ ಇಂಜಿನ್ ಬಿಸಿಯಾಗುತ್ತದೆ.

ಬೆಲ್ಟನ್ನು ತಾನೇ ಬಿಗಿ ಹಿಡಿಯುವ ಸ್ಪ್ರಿಂಗ್ ಟೆನ್ಷನರ್ ಕೂರಿಸಲು ಜಾಗ ಇದ್ದರೆ ಬೆಲ್ಟಿನ ಸಡಿಲ ಕಡೆ, ಅಂದರೆ ಕ್ರ್ಯಾಂಕ್ ಪುಲ್ಲಿಯಿಂದ ಬೆಲ್ಟ್ ಹೊರಗೆ ಹೋಗುವ ಕಡೆ ಕೂರಿಸಿ. ನಾಲ್ಕು ಸಿಲಿಂಡರಿನ ಹಳೇ ಡೀಸೆಲ್ ಐಡಲ್‌ನಲ್ಲಿ ಎಷ್ಟು ಕುಲುಕುತ್ತದೆ ಅಂತ ನಿಮಗೆ ಗೊತ್ತು. ಸ್ಪ್ರಿಂಗ್ ದುರ್ಬಲವಾದರೆ ಬೆಲ್ಟ್ ಪಟಪಟ ಹೊಡೆದುಕೊಳ್ಳುತ್ತದೆ. ಜಾಗ ಇಲ್ಲದಿದ್ದರೆ ಡೈನಮೋವನ್ನೇ ಸ್ಕ್ರೂನಿಂದ ಎಳೆಯುವ ಹಳೇ ಪದ್ಧತಿ ಸಾಕು.

ಅಮೆರಿಕದಲ್ಲಿ ಷೆವ್ರೊಲೆ 6.2 ಲೀಟರ್ ಡೀಸೆಲ್ ಟ್ರಕ್ ಇಟ್ಟವರು ಇದೇ ಬದಲಾವಣೆ ಮಾಡುತ್ತಾರೆ. ಆದರೆ ಅವರು ಅದೇ ಕುಟುಂಬದ 6.5 ಲೀಟರ್ ಇಂಜಿನ್ನಿನ ಮುಂಭಾಗದ ಪೂರ್ತಿ ಸೆಟ್ ತಂದು ಕೂರಿಸುತ್ತಾರೆ: ಪುಲ್ಲಿ, ಬ್ರಾಕೆಟ್, ಪಂಪ್, ಟೆನ್ಷನರ್ ಎಲ್ಲ. ಬಿಡಿ ಬಿಡಿಯಾಗಿ ಜೋಡಿಸುವ ಕಸರತ್ತು ಅಲ್ಲ. ನೀವೂ ಬೆಂಗಳೂರಿನ ಜೆಸಿ ರಸ್ತೆಗೆ ಹೋದಾಗ ನಿಮ್ಮ ಇಂಜಿನ್ ಕುಟುಂಬದ್ದೇ ಸೆಟ್ ಸಿಗುತ್ತದಾ ವಿಚಾರಿಸಿ. ಸಿಗದಿದ್ದರೆ ಒಳ್ಳೆ ಹಲ್ಲಿನ ವಿ-ಬೆಲ್ಟ್ ಹಾಕಿ, ಸೀಟಿನ ಕೆಳಗೆ ಒಂದು ಸ್ಪೇರ್ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಪಿಕಪ್‌ನ ಗೆರೆ ಬೆಲ್ಟಿನಲ್ಲಿ ಒಂದು ಬಿರುಕೂ ಇಲ್ಲ. ಆದರೂ ಬದಲಿಸಿ ಅಂತಾರೆ ಸರ್ವೀಸಿನವರು. ಸುಮ್ನೆ ದುಡ್ಡು ಕೀಳುತ್ತಿದ್ದಾರಾ?
– ಓದುಗರು, ತಿಪಟೂರು

ಉತ್ತರ: ಇರಲಿಕ್ಕಿಲ್ಲ. ಬಿರುಕು ನೋಡಿ ಬದಲಿಸುವುದು ಹಳೇ ನಿಯೋಪ್ರಿನ್ ರಬ್ಬರ್ ಬೆಲ್ಟಿನ ಕಾಲದ ಲೆಕ್ಕ. ಈಗಿನವು ಇಪಿಡಿಎಂ ಅನ್ನುವ ಬೇರೆ ಜಾತಿಯ ರಬ್ಬರ್. ಅವು ಸುಲಭಕ್ಕೆ ಬಿರುಕು ಬಿಡುವುದಿಲ್ಲ, ಟೈರಿನ ಹಾಗೆ ಸವೆಯುತ್ತವೆ. ಗೆರೆಗಳ ನಡುವಿನ ಸಂದು ಅಗಲವಾಗಿ, ಪುಲ್ಲಿಯ ಏಣು ಸಂದಿನ ತಳಕ್ಕೆ ತಾಗಲು ಶುರುವಾದರೆ ಬೆಲ್ಟ್ ಮುಗಿದ ಹಾಗೆ. ಅಳೆಯಲು ಪುಟ್ಟ ಪ್ಲಾಸ್ಟಿಕ್ ಗೇಜ್ ಬರುತ್ತದೆ. ನಿಮ್ಮೆದುರೇ ಅದನ್ನು ಇಟ್ಟು ತೋರಿಸಿ ಅನ್ನಿ.